ಧ್ವನಿಗೆ ದಾರಿ ಕಟ್ಟುವ ಮಕ್ಕಳಿಗೆ

ಆಡಿಯೋ ಡ್ರೈವರ್ ಕೆಲಸವನ್ನು ಮೊದಲ ಸಲ ಕೈಗೆತ್ತಿಕೊಂಡಿರುವ ಮಗುವೇ, ಈ ಮಾತು ನಿನಗೆ. ಕಾಲೇಜಿನಲ್ಲಿ ನಿನಗೆ ಸಿ ಭಾಷೆ ಕಲಿಸಿದ್ದಾರೆ, ಆಪರೇಟಿಂಗ್ ಸಿಸ್ಟಮ್ ಕಲಿಸಿದ್ದಾರೆ, ಸಿಗ್ನಲ್ ಪ್ರೊಸೆಸಿಂಗ್ ಹೆಸರಿನಲ್ಲಿ ಫೂರಿಯರ್‌ವರೆಗೂ ಓಡಿಸಿದ್ದಾರೆ. ಸದ್ದು ಚಿಪ್ಪಿನಿಂದ ಸ್ಪೀಕರಿಗೆ ಯಾವ ದಾರಿ ಹಿಡಿದು ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಯಾರೋ ಒಂದು ಬೋರ್ಡು ತಂದು ಮುಂದಿಟ್ಟು, ‘ಸದ್ದೇ ಬರ್ತಿಲ್ಲ, ಸ್ವಲ್ಪ ನೋಡು’ ಎಂದು ಹೇಳಿ ಹೋಗುತ್ತಾರೆ. ಅಲ್ಲಿಂದ ನಿನ್ನ ನಿಜವಾದ ಪಾಠ ಶುರು.

ನಾನು ಹೇಳಬೇಕಾದದ್ದು ಒಂದೇ, ಉಳಿದದ್ದೆಲ್ಲ ಅದರ ವಿಸ್ತಾರ. ಬೋರ್ಡಿನ ಮೇಲೆ ಯಾವ ಯಾವ ದಾರಿಗಳಿವೆ, ಯಾವ ದಾರಿ ಎಷ್ಟು ತಾಳುತ್ತದೆ ಎಂದು ಸತ್ಯವಾಗಿ ಹೇಳುವುದು ಡ್ರೈವರಿನ ಕೆಲಸ. ಯಾರು ಯಾವಾಗ ಆ ದಾರಿಯಲ್ಲಿ ಹೋಗಬೇಕು ಎಂದು ತೀರ್ಪು ಕೊಡುವ ಹಕ್ಕು ಅದಕ್ಕಿಲ್ಲ. ಇದನ್ನು ಮರೆತ ಡ್ರೈವರ್ ಮೊದಲ ಉತ್ಪನ್ನದಲ್ಲಿ ಚೆನ್ನಾಗಿಯೇ ಓಡುತ್ತದೆ. ಎರಡನೆಯದಕ್ಕೆ ಅದನ್ನು ಹೊಂದಿಸುವವರ ಪಾಡು ಹೇಳತೀರದು.

ನಂದಿನಿ ಲೇಔಟ್‌ನಲ್ಲಿ ಕೂತು ಈ ಮಾತಾಡುವುದಕ್ಕೆ ಒಂದು ಅರ್ಥವಿದೆ. ನಮ್ಮ ಬಡಾವಣೆಗೆ ಬರುವವರು ಕಂಠೀರವ ಸ್ಟುಡಿಯೋದ ಗುರುತು ಹಿಡಿದೇ ಬರುತ್ತಾರೆ. 1966ರಲ್ಲಿ ಸರ್ಕಾರ ಸ್ಥಾಪಿಸಿದ ಆ ಸ್ಟುಡಿಯೋ ಈಗ ರಾಜ್‌ಕುಮಾರ್, ಪುನೀತ್ ಸಮಾಧಿಗಳಿಂದಾಗಿ ನಾಡಿಗೆಲ್ಲ ಗೊತ್ತು. ಗೊರಗುಂಟೆಪಾಳ್ಯ ದಾಟಿ ಹೊರವರ್ತುಲ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ಬಿಇಎಲ್ ಸರ್ಕಲ್, ಜಾಲಹಳ್ಳಿ. ಎಂಬೆಡೆಡ್ ಲಿನಕ್ಸ್ ಎಂಬ ಪದವೇ ಹೊಸದಾಗಿದ್ದ ಕಾಲದಲ್ಲಿ ಅದನ್ನು ಕೈಯಲ್ಲಿ ಹಿಡಿಯುವ ಯಂತ್ರವಾಗಿ ಮಾಡಿದ ಸಂಸ್ಥೆಗಳಲ್ಲಿ ಬಿಇಎಲ್ ಕೂಡ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಮೊದಲ ಮಾದರಿ 2001ರಲ್ಲಿ ಬಂತು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಮೇಲೆ ಲಿನಕ್ಸ್. 2004ರಲ್ಲಿ ಪಿಕೊಪೆಟಾ ಕಂಪನಿ ಮತ್ತು ಬಿಇಎಲ್ ಸೇರಿ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟವು. ಮಾರಾಟದಲ್ಲಿ ಅದು ಗೆಲ್ಲಲಿಲ್ಲ, ನಿಜ. ಆದರೆ ಅದರ ಹಿಂದಿನ ಆಶಯವನ್ನು ಗಮನಿಸು. ಓದಲು ಬಾರದವರಿಗೂ ಯಂತ್ರ ಕನ್ನಡದಲ್ಲಿ, ಹಿಂದಿಯಲ್ಲಿ ಓದಿ ಹೇಳಬೇಕು ಎಂದು ಅದಕ್ಕಾಗಿಯೇ ‘ಧ್ವನಿ’ ಎಂಬ ತಂತ್ರಾಂಶ ಹುಟ್ಟಿತು. ಪಠ್ಯವನ್ನು ಮಾತಾಗಿಸುವ ಲೆಕ್ಕಾಚಾರ ಎಷ್ಟೇ ಸೊಗಸಾಗಿರಲಿ, ಕೊನೆಗೆ ಸ್ಪೀಕರಿನವರೆಗೆ ದಾರಿ ತೆರೆದಿರಬೇಕು, ಆ ದಾರಿ ಬ್ಯಾಟರಿಯನ್ನು ಹೀರಿ ಮುಗಿಸಬಾರದು. ನೀನು ಈಗ ಕೂತಿರುವುದು ಆ ಕೊನೆಯ ಜಾಗದಲ್ಲಿ.

ಆ ಕಾಲದ ಲಿನಕ್ಸ್‌ನಲ್ಲಿ ಸಣ್ಣ ಯಂತ್ರಗಳ ಸದ್ದಿಗೆ ಒಂದು ಶಿಸ್ತು ಇರಲಿಲ್ಲ. ವುಲ್ಫ್‌ಸನ್ ಕಂಪನಿಯ ಡಬ್ಲ್ಯುಎಂ8731 ಎಂಬ ಒಂದೇ ಕೋಡೆಕ್ ಚಿಪ್ಪಿಗೆ ನಾಲ್ಕು ಬೇರೆ ಬೇರೆ ಪ್ರೊಸೆಸರ್‌ಗಳಲ್ಲಿ ನಾಲ್ಕು ಬೇರೆ ಡ್ರೈವರ್‌ಗಳಿದ್ದವು. ಚಿಪ್ಪು ಅದೇ, ರಿಜಿಸ್ಟರುಗಳೂ ಅವೇ, ಆದರೂ ನಾಲ್ಕು ಕಡೆ ನಾಲ್ಕು ಜನ ಅದೇ ಕೆಲಸ ಮಾಡಿದ್ದರು. ಹೆಡ್‌ಫೋನ್ ಸಿಕ್ಕಿಸಿದ್ದನ್ನು ತಿಳಿಸಲು ಒಪ್ಪಿತವಾದ ಕ್ರಮ ಇರಲಿಲ್ಲ. ಒಂದು ಹಾಡು ಶುರುವಾದರೆ ಸಾಕು, ಮೈಕಿನ ಭಾಗವೂ ಸೇರಿ ಇಡೀ ಕೋಡೆಕ್ಕೇ ಎಚ್ಚರಗೊಳ್ಳುತ್ತಿತ್ತು. ಗೋಡೆಗೆ ಸಿಕ್ಕಿಸಿದ ಕಂಪ್ಯೂಟರಿಗೆ ಅದು ನಡೆದೀತು, ಜೇಬಿನ ಯಂತ್ರಕ್ಕೆ ನಡೆಯದು.

ಇದಕ್ಕೆ ಉತ್ತರವಾಗಿ ವುಲ್ಫ್‌ಸನ್‌ನಲ್ಲಿದ್ದ ಲಿಯಾಮ್ ಗರ್ಡ್‌ವುಡ್ ಮತ್ತಿತರರು ಕಟ್ಟಿದ ಎಎಸ್‌ಒಸಿ ಎಂಬ ವ್ಯವಸ್ಥೆ 2007ರಲ್ಲಿ, 2.6.21ನೇ ಆವೃತ್ತಿಯೊಂದಿಗೆ, ಲಿನಕ್ಸ್ ಕರ್ನಲ್‌ಗೆ ಸೇರಿತು. ಅದು ಕೆಲಸವನ್ನು ಮೂರು ಪಾಲು ಮಾಡಿತು. ಕೋಡೆಕ್ ಡ್ರೈವರಿಗೆ ತನ್ನ ಚಿಪ್ಪಿನ ಒಳಗು ಮಾತ್ರ ಗೊತ್ತು. ಪ್ಲಾಟ್‌ಫಾರ್ಮ್ ಡ್ರೈವರಿಗೆ ಪ್ರೊಸೆಸರ್ ಕಡೆಯ ಡಿಎಂಎ, ಧ್ವನಿಯ ಪೋರ್ಟು ಗೊತ್ತು. ಇವೆರಡನ್ನೂ ಈ ಬೋರ್ಡಿನಲ್ಲಿ ಹೇಗೆ ಬೆಸೆದಿದ್ದಾರೆ ಎಂಬುದು ಮಷೀನ್ ಡ್ರೈವರಿಗೆ ಮಾತ್ರ ಗೊತ್ತು. ನೀನು ಕ್ಯೂಎನ್‌ಎಕ್ಸ್ ಮೇಲೆ ಬರೆ, ಸ್ವಂತ ಆರ್‌ಟಿಒಎಸ್ ಮೇಲೆ ಬರೆ, ಈ ಮೂರು ಪಾಲನ್ನು ಬಿಡಬೇಡ. ಬೋರ್ಡಿನ ವಿಷಯ ಕೋಡೆಕ್ ಡ್ರೈವರಿನೊಳಗೆ ನುಸುಳಿದ ದಿನವೇ ಐದನೆಯ ಡ್ರೈವರಿಗೆ ಬೀಜ ಬಿತ್ತು ಎಂದು ತಿಳಿ.

ಎಎಸ್‌ಒಸಿಯ ಒಳಗಿರುವ ಡಿಎಪಿಎಂ ಎಂಬ ಭಾಗ ಅದರ ಜೀವಾಳ. ನೀನು ಅದಕ್ಕೆ ‘ಇದನ್ನು ಆನ್ ಮಾಡು, ಅದನ್ನು ಆಫ್ ಮಾಡು’ ಎಂದು ಹೇಳುವುದಿಲ್ಲ. ಚಿಪ್ಪಿನಲ್ಲಿರುವ ಡ್ಯಾಕ್, ಮಿಕ್ಸರ್, ಮಕ್ಸ್, ಆಂಪ್ಲಿಫೈಯರ್, ಮೈಕ್ ಬಯಾಸ್ ಎಲ್ಲವನ್ನೂ ಒಂದೊಂದು ವಿಜೆಟ್ ಎಂದು ಪಟ್ಟಿ ಮಾಡಿ, ಯಾವುದರಿಂದ ಯಾವುದಕ್ಕೆ ಸಂಪರ್ಕ ಇದೆ ಎಂದು ಬರೆದುಕೊಡುತ್ತೀಯ. ನಕ್ಷೆ ನಿನ್ನದು, ಲೆಕ್ಕ ಅದರದು. ಒಂದು ತುದಿಯಲ್ಲಿ ಜೀವಂತ ಮೂಲ, ಇನ್ನೊಂದು ತುದಿಯಲ್ಲಿ ಜೀವಂತ ಗುರಿ, ನಡುವೆ ಎಲ್ಲ ಸ್ವಿಚ್ಚುಗಳೂ ಕೂಡಿಕೊಂಡಿದ್ದರೆ ಮಾತ್ರ ಆ ದಾರಿಯ ವಿಜೆಟ್‌ಗಳಿಗೆ ವಿದ್ಯುತ್ತು. ನಮ್ಮ ಬಡಾವಣೆಗೆ ಕಾವೇರಿ ನೀರು ಬಿಡುವ ವಾಲ್ವ್‌ಮನ್ ಮಾಡುವುದೂ ಇದನ್ನೇ. ಟ್ಯಾಂಕಿನಿಂದ ಮನೆಯವರೆಗೆ ಪೈಪು ಪೂರ್ತಿ ಇರುವ ಕ್ರಾಸಿಗೆ ಮಾತ್ರ ವಾಲ್ವ್ ತಿರುವುತ್ತಾನೆ, ಅರ್ಧ ಹಾಕಿ ಬಿಟ್ಟ ಪೈಪಿಗೆ ನೀರು ಬಿಡುವುದಿಲ್ಲ. ನಕ್ಷೆ ತಪ್ಪಿದರೆ ಅವನೇನು ಮಾಡಿಯಾನು?

ಆದ್ದರಿಂದ ನಕ್ಷೆ ಬರೆಯುವಾಗ ಕೆಲವು ಕಡೆ ಎಚ್ಚರ ಇರಲಿ. ಮೊದಲನೆಯದು, ದಿಕ್ಕು. ಡಿಎಪಿಎಂ ದಾರಿಯನ್ನು ಬರೆಯುವಾಗ ಗುರಿ ಮೊದಲು, ನಡುವಿನ ಸ್ವಿಚ್ಚಿನ ಹೆಸರು ಆಮೇಲೆ, ಮೂಲ ಕೊನೆಗೆ. ಡಿವೈಸ್ ಟ್ರೀಯಲ್ಲಿ ಜೋಡಿ ಜೋಡಿಯಾಗಿ ಬರೆಯುವಾಗಲೂ ಮೊದಲು ಗುರಿ, ಆಮೇಲೆ ಮೂಲ. ಸದ್ದು ಹರಿಯುವ ದಿಕ್ಕಿಗೆ ಇದು ಉಲ್ಟಾ. ಹೊಸಬರು ಇಲ್ಲೇ ಎಡವುವುದು. ಎರಡನೆಯದು, ತುದಿಗಳು. ಕೋಡೆಕ್ಕಿಗೆ ಹತ್ತು ಪಿನ್ನು ಇರಬಹುದು, ಬೋರ್ಡಿನಲ್ಲಿ ತಂತಿ ಎಳೆದಿರುವುದು ಮೂರಕ್ಕೇ ಇರಬಹುದು. ಉಳಿದ ಏಳಕ್ಕೆ ಸಂಪರ್ಕ ಇಲ್ಲ ಎಂದು ಮಷೀನ್ ಡ್ರೈವರಿನಲ್ಲಿ ಹೇಳಬೇಕು. ಹೇಳದಿದ್ದರೆ ಎಲ್ಲಿಗೂ ಹೋಗದ ಪಿನ್ನಿಗಾಗಿ ಆಂಪ್ಲಿಫೈಯರ್ ಎದ್ದು ಕೂತಿರುತ್ತದೆ. ಮೂರನೆಯದು, ಹೊರಗಿನ ಆಂಪ್ಲಿಫೈಯರ್. ಅದನ್ನು ಎಬ್ಬಿಸುವ ಜಿಪಿಐಒ ಪಿನ್ನನ್ನು ಎಲ್ಲೋ ಒಂದು ಫಂಕ್ಷನ್ನಿನಲ್ಲಿ ಬಚ್ಚಿಡಬೇಡ. ಅದೂ ನಕ್ಷೆಯಲ್ಲಿ ಒಂದು ವಿಜೆಟ್ ಆಗಿರಲಿ.

ದಾರಿ ಸರಿಯಿದ್ದರೂ ಕ್ಲಾಕ್ ಇಲ್ಲದಿದ್ದರೆ ಸದ್ದಿಲ್ಲ. ಫಿಲಿಪ್ಸ್ ಕಂಪನಿ 1986ರಲ್ಲಿ ಕೊಟ್ಟ ಐ2ಎಸ್ ಬಸ್ಸು ಇವತ್ತಿಗೂ ಎಲ್ಲ ಕಡೆ ಇದೆ. ಅದಕ್ಕೆ ಬೇಕಾದ್ದು ಮೂರು ತಂತಿ: ಬಿಟ್ ಕ್ಲಾಕು, ಎಡ-ಬಲ ಹೇಳುವ ವರ್ಡ್ ಸೆಲೆಕ್ಟು, ಮಾಹಿತಿ. ಸೆಕೆಂಡಿಗೆ 48,000 ಸ್ಯಾಂಪಲ್, ಎರಡು ಚಾನೆಲ್, ಒಂದೊಂದಕ್ಕೆ 16 ಬಿಟ್ ಎಂದರೆ ಬಿಟ್ ಕ್ಲಾಕು 1.536 ಮೆಗಾಹರ್ಟ್ಸ್. ಕೋಡೆಕ್ಕಿಗೆ ಇದರ ಮೇಲೆ ಸಾಮಾನ್ಯವಾಗಿ ಒಂದು ಮಾಸ್ಟರ್ ಕ್ಲಾಕೂ ಬೇಕು. 48 ಕಿಲೋಹರ್ಟ್ಸ್‌ನ 256 ಪಟ್ಟು ಎಂದರೆ 12.288 ಮೆಗಾಹರ್ಟ್ಸ್, ಸಿಡಿಯ 44.1 ಕಿಲೋಹರ್ಟ್ಸ್‌ನ 256 ಪಟ್ಟು ಎಂದರೆ 11.2896 ಮೆಗಾಹರ್ಟ್ಸ್. ಒಂದನ್ನು ಸುಮ್ಮನೆ ಭಾಗಿಸಿದರೆ ಇನ್ನೊಂದು ಹುಟ್ಟುವುದಿಲ್ಲ. ಬೋರ್ಡಿನಲ್ಲಿ ಒಂದೇ ಕ್ರಿಸ್ಟಲ್ ಇಟ್ಟು ಎರಡೂ ದರ ಬೇಕೆಂದು ಕೇಳಿದರೆ, ಪಿಎಲ್‌ಎಲ್ ಎಲ್ಲಿದೆ ಎಂದು ನೀನು ಮೊದಲ ಸಭೆಯಲ್ಲೇ ಕೇಳಬೇಕು, ಬೋರ್ಡು ಅಚ್ಚಾಗಿ ಬಂದ ಮೇಲೆ ಅಲ್ಲ. ಕ್ಲಾಕ್ ಕೊಡುವವರು ಯಾರು, ಪಡೆಯುವವರು ಯಾರು ಎಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗಲಿ. ಇಬ್ಬರೂ ಕೊಡುತ್ತೇವೆಂದರೆ ಗದ್ದಲ, ಇಬ್ಬರೂ ಪಡೆಯುತ್ತೇವೆಂದರೆ ಮೌನ.

ಎಬ್ಬಿಸುವ ಕ್ರಮಕ್ಕೂ ಅಷ್ಟೇ ತೂಕ ಕೊಡು. ಸ್ಪೀಕರ್ ಆಂಪ್ಲಿಫೈಯರ್ ಮೊದಲು ಎದ್ದು, ಆಮೇಲೆ ಅದರ ಹಿಂದಿನ ಡ್ಯಾಕ್ ಎದ್ದರೆ ‘ಟಪ್’ ಎಂದು ಒಂದು ಹೊಡೆತ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಅದು ನೇರ ಬೀಳುತ್ತದೆ. ಅದಕ್ಕೇ ಡಿಎಪಿಎಂ ಏಳಿಸುವಾಗ ವಿದ್ಯುತ್ ಪೂರೈಕೆ, ಡ್ಯಾಕ್, ಮಿಕ್ಸರ್, ಕೊನೆಗೆ ಹೆಡ್‌ಫೋನ್, ಸ್ಪೀಕರ್ ಎಂಬ ಕ್ರಮ ಹಿಡಿಯುತ್ತದೆ. ಮಲಗಿಸುವಾಗ ಹೊರತುದಿಯನ್ನು ಮೊದಲು ಮಲಗಿಸುತ್ತದೆ. ನೀನು ವಿಜೆಟ್‌ನ ಬಗೆಯನ್ನು ಸರಿಯಾಗಿ ನಮೂದಿಸಿದ್ದರೆ ಈ ಕ್ರಮ ಬಿಟ್ಟಿ ಸಿಗುತ್ತದೆ. ತಪ್ಪಾಗಿ ನಮೂದಿಸಿ, ಆಮೇಲೆ ಅಲ್ಲಲ್ಲಿ ಕಾಯುವ ಸಮಯ ತುರುಕಿ ಟಪ್ ಸದ್ದನ್ನು ಅಡಗಿಸಲು ಹೋಗುವವರನ್ನು ನೋಡುತ್ತೀಯ. ಆ ದಾರಿ ಹಿಡಿಯಬೇಡ.

ಈಗ ತೀರ್ಪಿನ ಮಾತು. ಕಾರಿನಲ್ಲಿ ಹಾಡು ಬರುತ್ತಿದೆ, ದಾರಿ ತೋರಿಸುವ ದನಿ ‘ಎಡಕ್ಕೆ ತಿರುಗಿ’ ಎನ್ನುತ್ತದೆ, ಅಷ್ಟರಲ್ಲಿ ಫೋನು ಬರುತ್ತದೆ. ಹಾಡು ನಿಲ್ಲಬೇಕೇ, ತಗ್ಗಬೇಕೇ? ಈ ತೀರ್ಮಾನ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಆಂಡ್ರಾಯ್ಡ್ ಇದಕ್ಕೆಂದೇ ಮೇಲಿನ ಪದರದಲ್ಲಿ ಆಡಿಯೋ ಪಾಲಿಸಿ ಸೇವೆಯನ್ನೂ ಆಡಿಯೋ ಫೋಕಸ್ ಎಂಬ ಒಪ್ಪಂದವನ್ನೂ ಇಟ್ಟಿದೆ. ಅನೇಕ ಸಾಧನಗಳಲ್ಲಿ ಮಿಕ್ಸರ್ ದಾರಿಗಳನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಹೆಸರಿಟ್ಟು ಬರೆದಿರುತ್ತಾರೆ, ಸಾಮಾನ್ಯ ಲಿನಕ್ಸ್‌ನಲ್ಲಿ ಯೂಸ್ ಕೇಸ್ ಮ್ಯಾನೇಜರ್‌ನ ಕಡತಗಳಲ್ಲಿ ಬರೆಯುತ್ತಾರೆ. ‘ಸ್ಪೀಕರ್’, ‘ಹೆಡ್‌ಫೋನ್’, ‘ಕರೆ’ ಎಂದು ಹೆಸರು ಕರೆದರೆ ಸಾಕು, ಅದರ ಹಿಂದಿನ ಸ್ವಿಚ್ಚುಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಬೆಳಿಗ್ಗೆ ಮ್ಯಾನೇಜರ್ ಮನಸ್ಸು ಬದಲಾಯಿಸಿದರೆ ಕಡತ ಬದಲಾಯಿಸು, ಕರ್ನಲ್ ಮುಟ್ಟಬೇಡ. ‘ಕರೆ ಬಂದರೆ ಸಂಗೀತ ನಿಲ್ಲಿಸು’ ಎಂಬ ಸಾಲು ಡ್ರೈವರಿನೊಳಗೆ ಕಂಡರೆ, ಅದನ್ನು ಬರೆದವರು ಎಷ್ಟೇ ಹಿರಿಯರಾಗಿರಲಿ, ರಿವ್ಯೂನಲ್ಲಿ ಕೈ ಎತ್ತು.

ಫೋನಿನ ಕರೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅನೇಕ ವಿನ್ಯಾಸಗಳಲ್ಲಿ ಮಾತು ಮೋಡೆಮ್‌ನಿಂದ ಕೋಡೆಕ್ಕಿಗೆ ನೇರ ಹೋಗುತ್ತದೆ, ಮುಖ್ಯ ಪ್ರೊಸೆಸರಿನ ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಪ್ರೊಸೆಸರ್ ನಿದ್ದೆ ಮಾಡುತ್ತಿರುವಾಗಲೂ ಮಾತು ನಡೆಯುತ್ತಿರುತ್ತದೆ. ಇಂಥ ದಾರಿಗಳಿಗಾಗಿ 2012ರಲ್ಲಿ ಎಎಸ್‌ಒಸಿಗೆ ಡೈನಮಿಕ್ ಪಿಸಿಎಂ ಸೇರಿತು. ಅಪ್ಲಿಕೇಶನ್ ಕಾಣುವ ಮುಂದಿನ ತುದಿ ಬೇರೆ, ನಿಜವಾದ ತಂತಿಯ ಹಿಂದಿನ ತುದಿ ಬೇರೆ. ಯಾವ ಮುಂದಿನದು ಯಾವ ಹಿಂದಿನದಕ್ಕೆ ಕೂಡಬೇಕೆಂಬುದು ಓಡುವಾಗಲೇ ನಿರ್ಧಾರವಾಗುತ್ತದೆ. ಅಲ್ಲೂ ದಾರಿ ಹುಡುಕುವುದು ಅದೇ ಡಿಎಪಿಎಂ ನಕ್ಷೆಯಲ್ಲಿ.

ಇಷ್ಟೂ ಕೈಗೆ ಹತ್ತಬೇಕಾದರೆ ಒಂದು ಅಭ್ಯಾಸ ಮಾಡು. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಕೂಗುವ ಒಂದು ಪೆಟ್ಟಿಗೆಯನ್ನು ವಿನ್ಯಾಸ ಮಾಡಬೇಕು ಎಂದುಕೋ. ಮೂಲಗಳು ಮೂರು: ನಿಲ್ದಾಣದ ಘೋಷಣೆ, ಚಾಲಕರ ಮೈಕು, ತುರ್ತಿನ ಎಚ್ಚರಿಕೆ ಸದ್ದು. ಗುರಿಗಳೂ ಮೂರು: ಒಳಗಿನ ಸ್ಪೀಕರುಗಳು, ಬಾಗಿಲ ಹೊರಗಿನ ಸ್ಪೀಕರು, ದಾಖಲೆ ಇಡುವ ರೆಕಾರ್ಡರು. ಒಂಬತ್ತು ಮನೆಯ ಚೌಕ ಬರೆ. ಒಂದೊಂದು ಮನೆಗೂ ಮೂರು ಪ್ರಶ್ನೆ ಕೇಳು. ಇಲ್ಲಿ ತಂತಿ ಇದೆಯೇ? ಈ ದಾರಿ ಯಾವತ್ತಾದರೂ ಬೇಕೇ? ಇದು ತೆರೆದಿರುವಾಗ ಇನ್ನಾವುದು ಮುಚ್ಚಿರಬೇಕು?

ಆಗ ವಿಷಯಗಳು ತಾವಾಗಿ ಹೊರಬೀಳುತ್ತವೆ. ಚಾಲಕರ ಮೈಕಿನಿಂದ ಅವರ ತಲೆಯ ಮೇಲಿನ ಸ್ಪೀಕರಿಗೆ ದಾರಿ ತೆರೆದರೆ ಸದ್ದು ಸುತ್ತು ಹಾಕಿ ಕೀರಲು ಕೂಗು ಏಳುತ್ತದೆ, ಆದ್ದರಿಂದ ಮುಂದಿನ ಸ್ಪೀಕರು ಹಿಂದಿನವುಗಳಿಂದ ಬೇರೆ ಗುರಿಯಾಗಬೇಕು. ಮೂರು ಗುರಿ ನಾಲ್ಕಾಯಿತು, ನೋಡು! ತುರ್ತಿನ ಸದ್ದು ಲಿನಕ್ಸ್ ಏಳುವುದನ್ನು ಕಾಯಬಾರದು, ಲಿನಕ್ಸ್ ಬಿದ್ದರೂ ನಿಲ್ಲಬಾರದು. ಹಾಗಾಗಿ ಅದು ಸಣ್ಣದೊಂದು ಮೈಕ್ರೋಕಂಟ್ರೋಲರಿನಿಂದ ಹುಟ್ಟಿ, ಆಂಪ್ಲಿಫೈಯರ್ ಮುಂದಿನ ಮಕ್ಸ್‌ಗೆ ನೇರ ಬರಬೇಕು, ಆ ಮಕ್ಸ್ ರೀಸೆಟ್ ಆದಾಗ ನಿಲ್ಲುವ ಸಹಜ ಸ್ಥಾನವೇ ತುರ್ತಿನ ಕಡೆಗಿರಬೇಕು. ಘೋಷಣೆ ಬರುವಾಗ ಚಾಲಕರು ಮೈಕ್ ಒತ್ತಿದರೆ ಯಾವುದು ತಗ್ಗಬೇಕು? ಅದು ಸಾರಿಗೆ ಸಂಸ್ಥೆಯ ತೀರ್ಪು, ಮೇಲಿನ ಪದರಕ್ಕೆ ಬಿಡು. ಈ ಚೌಕವನ್ನು ಒಂದು ಹಾಳೆಯಲ್ಲಿ ಬರೆದವರಿಗೆ ವಿಜೆಟ್ ಪಟ್ಟಿ, ದಾರಿಗಳ ಪಟ್ಟಿ ಬರೆಯುವುದು ಮಧ್ಯಾಹ್ನದ ಕೆಲಸ. ಚೌಕ ಬರೆಯದೆ ಕೋಡಿಗೆ ಇಳಿದವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

‘ಡ್ರೈವರ್ ತೀರ್ಪು ಕೊಡಬಾರದು ಎಂದಿರಿ, ಹಾಗಾದರೆ ಯಾರಾದರೂ ಸ್ಪೀಕರ್ ಸುಡುವ ದಾರಿ ತೆರೆದರೆ?’ ಎಂದು ನೀನು ಕೇಳಬೇಕು. ಕೇಳದಿದ್ದರೆ ನನಗೆ ಬೇಸರ. ಇದು ಕಾಲ್ಪನಿಕ ಅಪಾಯ ಅಲ್ಲ. 2012ರಲ್ಲಿ ಬಂದ ಆರ್ಮ್ ಚಿಪ್ಪಿನ ಒಂದು ಕ್ರೋಮ್‌ಬುಕ್‌ನಲ್ಲಿ ಬೇರೆ ಲಿನಕ್ಸ್ ಹಾಕಿಕೊಂಡ ಕೆಲವರು ಸದ್ದು ಬರಲೆಂದು ಮಿಕ್ಸರಿನ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ತೆರೆದು ಸ್ಪೀಕರ್ ಸುಟ್ಟುಕೊಂಡರು. ಆಪಲ್ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ತಂದ ಅಸಾಹಿ ತಂಡ ಇದಕ್ಕೇ ಹೆದರಿ, ಸ್ಪೀಕರಿನ ಸುರುಳಿ ಎಷ್ಟು ಬಿಸಿಯಾಗಿದೆ ಎಂದು ಅಂದಾಜು ಮಾಡಿ ಮಟ್ಟ ತಗ್ಗಿಸುವ ಪ್ರತ್ಯೇಕ ಪ್ರೋಗ್ರಾಂ ಸಿದ್ಧವಾಗುವವರೆಗೂ ಸ್ಪೀಕರಿನ ದಾರಿಯನ್ನು ಮುಚ್ಚಿಟ್ಟಿತ್ತು. ಸುಡುವ ಮಿತಿ ಯಾರ ಇಷ್ಟಾನಿಷ್ಟವೂ ಅಲ್ಲ, ಅದು ಬೋರ್ಡಿನ ಗುಣ. ಬೋರ್ಡಿನ ಗುಣವನ್ನು ಡ್ರೈವರೇ ಹೇಳಬೇಕು. ಗರಿಷ್ಠ ಮಟ್ಟ ಕಟ್ಟಿಹಾಕುವ ಸೌಲಭ್ಯ ಎಎಸ್‌ಒಸಿಯಲ್ಲೇ ಇದೆ, ಅದನ್ನು ಮಷೀನ್ ಡ್ರೈವರಿನಲ್ಲಿ ಬಳಸು.

ಮೈಕಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರು. ಪರದೆಯ ಮೇಲೆ ಮೈಕ್ ಬಂದ್ ಎಂದು ಚಿತ್ರ ತೋರಿಸಿ, ಕೆಳಗೆ ಬಯಾಸ್ ವೋಲ್ಟೇಜೂ ಎಡಿಸಿಯೂ ಎಚ್ಚರವಾಗಿದ್ದರೆ ಅದು ಬಳಸುವವರಿಗೆ ಹೇಳಿದ ಸುಳ್ಳು. ಮನೆಮಂದಿಯ ಮಾತು ಕೇಳುವ ಯಂತ್ರಗಳು ಅಡುಗೆಮನೆಗೂ ಬಂದಿರುವ ಕಾಲ ಇದು. ಮ್ಯೂಟ್ ಗುಂಡಿ ಒತ್ತಿದಾಗ ದಾರಿಯೇ ಕಡಿದುಹೋಗುವ ಹಾಗೆ ಹಾರ್ಡ್‌ವೇರಿನವರನ್ನು ಒಪ್ಪಿಸು, ಕಡಿದದ್ದನ್ನು ಡ್ರೈವರ್ ಮೂಲಕ ತೋರಿಸು.

ಕೊನೆಗೆ, ಸದ್ದು ಬಾರದ ಬೋರ್ಡಿನ ಮುಂದೆ ಕೂತಾಗ ಗಾಬರಿಯಿಂದ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗಬೇಡ. ದಾರಿಯನ್ನು ಒಂದು ತುದಿಯಿಂದ ನಡೆ. ಮೊದಲು ಪ್ರೊಕ್‌ನಲ್ಲಿ ಸ್ಟ್ರೀಮಿನ ಸ್ಥಿತಿ ನೋಡು: ಓಡುತ್ತಿದೆಯೇ, ಹಾರ್ಡ್‌ವೇರ್ ಪಾಯಿಂಟರ್ ಮುಂದೆ ಸಾಗುತ್ತಿದೆಯೇ? ಸಾಗದಿದ್ದರೆ ತೊಂದರೆ ಡಿಎಂಎ ಅಥವಾ ಕ್ಲಾಕಿನಲ್ಲಿದೆ, ಕೋಡೆಕ್ಕನ್ನು ಬೈಯಬೇಡ. ಸಾಗುತ್ತಿದ್ದರೆ ಡೀಬಗ್‌ಎಫ್‌ಎಸ್‌ನಲ್ಲಿ ಡಿಎಪಿಎಂ ಕೋಶಕ್ಕೆ ಹೋಗಿ ಒಂದೊಂದು ವಿಜೆಟ್ ಆನ್ ಇದೆಯೇ ಆಫ್ ಇದೆಯೇ ನೋಡು. ದಾರಿ ಕಡಿದಿದ್ದರೆ ಅದರ ವಿಜೆಟ್‌ಗಳೆಲ್ಲ ಆಫ್ ಇರುತ್ತವೆ, ಆಗ ಅಲ್ಲೇ ತೋರಿಸುವ ಒಳಬರುವ ದಾರಿಗಳ ಎಣಿಕೆ ಯಾವ ವಿಜೆಟ್‌ನಲ್ಲಿ ಸೊನ್ನೆಯಾಗುತ್ತದೆ ಎಂದು ನೋಡು, ಕಡಿತ ಅದಕ್ಕೆ ಸ್ವಲ್ಪ ಮುಂಚೆಯೇ ಇರುತ್ತದೆ. ಎಲ್ಲವೂ ಆನ್ ಇದ್ದರೆ ಆಸಿಲೋಸ್ಕೋಪ್ ಎತ್ತಿಕೋ, ಬಿಟ್ ಕ್ಲಾಕಿನ ತಂತಿಗೆ ಮುಟ್ಟಿಸು, ಆಮೇಲೆ ಆಂಪ್ಲಿಫೈಯರ್ ಎಬ್ಬಿಸುವ ಪಿನ್ನಿಗೆ. ಹೀಗೆ ನಡೆದವರಿಗೆ ಉತ್ತರ ಸಿಕ್ಕೇ ಸಿಗುತ್ತದೆ.

ಬೋರ್ಡು ಬಿಡಿಸಿದವರ ಜೊತೆ ಸ್ಕೀಮ್ಯಾಟಿಕ್ ಹಾಸಿಕೊಂಡು ಕೂರಲು ಸಂಕೋಚ ಬೇಡ. ನೀನು ಕೇಳುವ ಪ್ರಶ್ನೆ ದಡ್ಡತನದ್ದು ಎನಿಸಿದರೂ ಕೇಳು. ಅವರಿಗೂ ಎಷ್ಟೋ ಸಲ ತಮ್ಮ ತಪ್ಪು ಕಾಣುವುದು ಅಂಥ ಪ್ರಶ್ನೆಯಿಂದಲೇ. ಚಿಪ್ಪಿನ ಡ್ರೈವರಿನಲ್ಲಿ ತಪ್ಪು ತಿದ್ದಿದರೆ ನಿನ್ನ ಕಂಪನಿಯ ಕೋಶದಲ್ಲೇ ಹೂತಿಡಬೇಡ, ಕಂಪನಿಯ ಒಪ್ಪಿಗೆ ಪಡೆದು ಮುಖ್ಯ ಕರ್ನಲ್‌ಗೆ ಕಳಿಸು. ಮೇಂಟೇನರುಗಳ ಮಾತು ಕೆಲವೊಮ್ಮೆ ಒರಟಾಗಿರುತ್ತದೆ. ಒರಟನ್ನು ಬಿಡು, ಮಾತಿನ ತಿರುಳನ್ನು ಇಟ್ಟುಕೋ. ಕನ್ನಡ ಓದಿ ಹೇಳುವ ಯಂತ್ರವನ್ನು ಕಾಲು ಶತಮಾನದ ಹಿಂದೆಯೇ ಇದೇ ಊರಿನಲ್ಲಿ ಕಟ್ಟಿದ್ದರು. ಅದನ್ನು ಇನ್ನೂ ಚೆನ್ನಾಗಿ ಕಟ್ಟುವ ಸರದಿ ಈಗ ನಿನ್ನದು. ಮುಂದಿನ ಬೋರ್ಡು ಕೈಗೆ ಬಂದ ದಿನ ಕೀಬೋರ್ಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೋ, ಮೂಲ ಎಲ್ಲಿ, ಗುರಿ ಎಲ್ಲಿ, ಕ್ಲಾಕ್ ಯಾರದು, ಮಿತಿ ಎಷ್ಟು ಎಂದು ಬರೆದು, ಆಮೇಲೆ ಕೋಡಿಗೆ ಇಳಿ.